ಅಪ್‌ಡೇಟ್: ವಿಂಡೋಸ್ 7ರ ಹಳೆಯ ಕ್ರೋಮ್ ಬಿಟ್ಟು ಹೊಸ ಬ್ರೌಸರಿಗೆ ಬಂದದ್ದು

ಸೋಮವಾರಪೇಟೆಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತುಹೋಗಿದೆ, ಅಪ್ಪಾಜಿಯವರು ಕಾಫಿ ದರ ನೋಡುವ ತಾಣವೂ ಬ್ಯಾಂಕಿನ ತಾಣವೂ ಎಚ್ಚರಿಕೆ ತೋರಿಸುತ್ತಿವೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ನೀವು ತಿಳಿಸಿದಂತೆ ಮೂಲ ಕಾರಣ ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2020ರ ಜನವರಿ 14ರಂದೇ ಮುಗಿದಿತ್ತು. 2023ರ ಫೆಬ್ರವರಿಯಲ್ಲಿ ಬಂದ ಕ್ರೋಮ್ 110ಕ್ಕೆ ಕನಿಷ್ಠ ವಿಂಡೋಸ್ 10 ಬೇಕು. ಫೈರ್‌ಫಾಕ್ಸ್ ಬ್ರೌಸರಿನ 115 ಇಎಸ್‌ಆರ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಹಾಕಿದಾಗ ತಾಣಗಳು ತೆರೆದವಾದರೂ, ವಿಂಡೋಸ್ 7ರಲ್ಲಿ ನಡೆಯುವ ಫೈರ್‌ಫಾಕ್ಸ್‌ಗಳಲ್ಲಿ ಅದೇ ಕೊನೆಯದೆಂದು ತಿಳಿದು, ಹಣದ ವ್ಯವಹಾರವನ್ನು ಅದಕ್ಕೆ ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ. ಆದ್ದರಿಂದ 4 ಜಿಬಿ ರ‍್ಯಾಮ್‌ನ ಅದೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ. ಅದರೊಂದಿಗೆ ಫೈರ್‌ಫಾಕ್ಸ್‌ನ ಹೊಸ ಆವೃತ್ತಿಯೇ ಬಂತು.

ಪಾಸ್‌ವರ್ಡ್‌ಗಳ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಕ್ರೋಮ್ ಅವನ್ನು ಸಿಎಸ್‌ವಿ ಎಂಬ ಸಾದಾ ಪಟ್ಟಿಯ ಕಡತವಾಗಿ ಹೊರತೆಗೆದುಕೊಡುತ್ತದೆ, ಆದರೆ ಆ ಕಡತದಲ್ಲಿ ಪ್ರತಿಯೊಂದು ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ, ಯಾರು ತೆರೆದರೂ ಓದಬಹುದಾದ ಅಕ್ಷರಗಳಲ್ಲಿರುತ್ತದೆ. ಅದನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಫೈರ್‌ಫಾಕ್ಸ್‌ಗೆ ಆಮದು ಮಾಡಿದ ತಕ್ಷಣ ಅಳಿಸಿ, ಬ್ಯಾಂಕಿನ ಪಾಸ್‌ವರ್ಡನ್ನೂ ಬದಲಿಸಿದೆ. ಬುಕ್‌ಮಾರ್ಕ್‌ಗಳು ಎಚ್‌ಟಿಎಂಎಲ್ ಕಡತವಾಗಿ ಸುಲಭವಾಗಿ ಬಂದವು.

ಮಳೆಗಾಲದಲ್ಲಿ ಇಲ್ಲಿ ವಿದ್ಯುತ್ ಪದೇಪದೇ ಹೋಗುವುದರಿಂದ, ಮಿಂಟ್ ಹಾಕುವ ಮುನ್ನ ಯುಪಿಎಸ್ ಸರಿಯಿದೆಯೇ ಎಂದು ನೋಡಿಕೊಂಡೆ. ಜಿಲ್ಲೆಯ ಬೇರೆಯವರೂ ಹಾಗೆಯೇ ಮಾಡಬೇಕೆಂದು ವಿನಂತಿ. ಅಪ್ಪಾಜಿ ಈಗ ಕಾಫಿ ದರವನ್ನು ತಾವೇ ನೋಡಿಕೊಳ್ಳುತ್ತಿದ್ದಾರೆ.