ಪದಚರ್ಚೆ: ಚಳಿ ಬೀಳದ ಚಳಿಗಾಲಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ಡಿಸೆಂಬರ್ 21 ದಾಟಿದರೂ ರಾತ್ರಿ ಫ್ಯಾನ್ ತಿರುಗುತ್ತಲೇ ಇದೆ, ಕೌದಿ ಕಪಾಟಿನಿಂದ ಇಳಿದಿಲ್ಲ. ರಸ್ತೆ ಬದಿ ಸ್ವೆಟರ್ ಗುಡ್ಡೆ ಹಾಕಿಕೊಂಡು ಕೂತವರು ಕಾಲ ಕಳೆಯಲು ಮೊಬೈಲು ನೋಡುತ್ತಿದ್ದಾರೆ. ಮಳೆಗಾಲದಲ್ಲಿ ಮಳೆ ಬಾರದಿದ್ದರೆ ‘ಮಳೆ ಕೈಕೊಟ್ಟಿತು’, ‘ಮಳೆ ಹೋಯ್ತು’ ಅನ್ನುತ್ತೇವೆ. ವರ್ಷಗಟ್ಟಲೆ ಹೀಗಾದರೆ ‘ಬರ’ ಇದೆ. ಚಳಿಗಾಲದಲ್ಲಿ ಚಳಿ ಬಾರದಿದ್ದರೆ ಅದಕ್ಕೇನು? ‘ಈ ಸಲ ಚಳಿನೇ ಇಲ್ಲ’ ಅಂತ ಎಲ್ಲರೂ ಹೇಳುತ್ತೇವೆ, ಆದರೆ ಅದು ಬರಿ ಹೇಳಿಕೆ ಆಯಿತು. ನಾನು ಹುಡುಕುತ್ತಿರುವುದು ಅದಕ್ಕೇ ಮೀಸಲಾದ ಮಾತು.

ಪತ್ರಿಕೆಗಳ ‘ಸೌಮ್ಯ ಚಳಿಗಾಲ’ ನನಗೆ ಒಗ್ಗುವುದಿಲ್ಲ. ಸೌಮ್ಯ ಅನ್ನುವುದು ಸ್ವಭಾವಕ್ಕೆ, ಮುಖಕ್ಕೆ, ಹೆಚ್ಚೆಂದರೆ ಔಷಧಿಗೆ. ಚಳಿ ಸೌಮ್ಯವಾಗಿದೆ ಅಂದರೆ ಚಳಿ ಬಂದಿದೆ, ಜೋರಿಲ್ಲ ಅಂತಲೇ ಅರ್ಥ. ನಾನು ಕೇಳುತ್ತಿರುವುದು ಬಾರದೇ ಇದ್ದದ್ದರ ಬಗ್ಗೆ.

ಹಿತವಾದ ಚಳಿಗೆ ನಮ್ಮಲ್ಲಿ ‘ಚುಮುಚುಮು ಚಳಿ’ ಇದೆ. ಇಲ್ಲಿಯ ಮರಾಠಿ ಮಂದಿ ಅದನ್ನೇ ‘ಗುಲಾಬಿ ಥಂಡಿ’ ಅನ್ನುತ್ತಾರೆ. ಪುಣೆಯವರಿಗೆ ಆ ಥಂಡಿ ಎಂದರೆ ಸವಾಯಿ ಗಂಧರ್ವ ಸಂಗೀತ ಉತ್ಸವದ ಶಾಲು, ಮಫ್ಲರು. ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಉತ್ಸವ, ಹಿಂದೆ ರಾತ್ರಿಯಿಡೀ ನಡೆಯುತ್ತಿತ್ತು. ಕಂಬಳಿ ಹೊದ್ದು ಕೂತು ಕೇಳಿದವರು ಈಗಲೂ ಆ ಚಳಿಯ ವರ್ಣನೆಯನ್ನು ರಾಗಕ್ಕಿಂತ ವಿಸ್ತಾರವಾಗಿ ಮಾಡುತ್ತಾರೆ!

ಮರಾಠಿಯಲ್ಲಿ ಚಳಿ ‘ಬೀಳುತ್ತದೆ’: ‘ಥಂಡಿ ಪಡಲಿ’. ಬೀಳಲಿಲ್ಲ ಅಂದರೆ ‘ಯಂದಾ ಥಂಡಿ ಪಡಲೀಚ್ ನಾಹಿ’. ಮಳೆಗೂ ಅವರಲ್ಲಿ ಅದೇ ಕ್ರಿಯಾಪದ. ಹಾಗಾಗಿ ಚಳಿ ಅವರಿಗೆ ಆಕಾಶದಿಂದ ಬರಬೇಕಾದ ಒಂದು ಬಾಕಿ. ಬಂತೋ ಇಲ್ಲವೋ ಅಂತ ಲೆಕ್ಕ ಕೇಳಬಹುದು. ಕನ್ನಡದ ಚಳಿ ಹೆಚ್ಚಾಗಿ ಮೈಗೆ ಸೇರಿದ್ದು. ನನಗೆ ಚಳಿ ಆಗುತ್ತೆ, ಚಳಿ ಕೊರೆಯುತ್ತೆ, ಚಳಿ ಕಾಯಿಸುತ್ತೇವೆ, ಮೈಚಳಿ ಬಿಟ್ಟು ಮಾತಾಡುತ್ತೇವೆ, ಸಿಟ್ಟು ಬಂದರೆ ಎದುರಿನವರ ಚಳಿ ಬಿಡಿಸುತ್ತೇವೆ. ಎಲ್ಲದರಲ್ಲೂ ಚಳಿ ಹೋಗಬೇಕಾದ್ದೇ ಹೊರತು ಬರಬೇಕಾದ್ದಲ್ಲ. ‘ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ’ ಅನ್ನುವ ಗಾದೆಯಲ್ಲೂ ಹೋಗುವುದರದ್ದೇ ಸುದ್ದಿ. ಬಾರದ್ದಕ್ಕೆ ಪದ ಇಲ್ಲದಿರುವುದು ಇದಕ್ಕೇ ಇರಬೇಕು ಅಂತ ನನ್ನ ಊಹೆ.

ಮರಾಠಿ ಶಾಲೆಗೆ ಹೋಗುವ ನಮ್ಮನೆಯ ಹುಡುಗಿ ಮೊನ್ನೆ ‘ಈ ಸಲ ಥಂಡಿ ಪಡಲೇ ಇಲ್ಲ’ ಅಂದಳು. ತಿದ್ದಬೇಕು ಅಂತ ಬಾಯಿ ತೆರೆದವನು ಸುಮ್ಮನಾದೆ. ಅವಳ ‘ಪಡಲೇ ಇಲ್ಲ’ ಮರಾಠಿಯದು, ಸಂಸ್ಕೃತದ ಪತ್ ಧಾತುವಿನ ಕಡೆಯದು. ಆದರೆ ಕನ್ನಡದ ‘ಪಡು’ವಿಗೂ ಬೀಳು, ಮುಳುಗು ಅನ್ನುವ ಹಳೆಯ ಅರ್ಥ ಇದೆಯಲ್ಲ, ಹೊತ್ತು ಮುಳುಗುವ ದಿಕ್ಕು ಪಡುವಣ ಆದದ್ದು ಹಾಗೆಯೇ. ಎರಡಕ್ಕೂ ನೆಂಟಸ್ತಿಕೆ ಇಲ್ಲ, ಬರೀ ಕಾಕತಾಳೀಯ. ಇದ್ದರೂ ಅವಳ ವಾಕ್ಯ ನನ್ನ ಕಿವಿಗೆ ಕನ್ನಡವಾಗಿಯೇ ಕೇಳಿತು. ಪುಣೆ, ಸೊಲ್ಲಾಪುರದ ಕನ್ನಡ ಮನೆಗಳಲ್ಲಿ ಈ ಬಳಕೆ ಎಷ್ಟು ಹಳೆಯದು? ಧಾರವಾಡದ ಕಡೆಯ ‘ಥಂಡಿ ಬಿಟ್ಟದ’ (ಚಳಿ ಶುರುವಾಗಿದೆ) ಅನ್ನುವುದನ್ನು ಇಲ್ಲ ಅನ್ನುವ ಅರ್ಥದಲ್ಲಿ ‘ಥಂಡಿ ಬಿಡಲೇ ಇಲ್ಲ’ ಅಂತ ತಿರುಗಿಸಿದರೆ, ಚಳಿ ನಿಲ್ಲಲೇ ಇಲ್ಲ ಅಂತ ಬೆಂಗಳೂರಿನವರು ತಿಳಿದಾರು. ಅದೂ ಒಂದು ತೊಡಕು.

ಹವಾಮಾನ ಇಲಾಖೆಯವರೂ ಕೈಹಿಡಿಯುವುದಿಲ್ಲ. ಅವರ ಆಗಿನ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ ಶಿವಾಜಿನಗರದ ಆ ಕಟ್ಟಡಕ್ಕೆ ಇಂದಿಗೂ ‘ಸಿಮ್ಲಾ ಆಫೀಸ್’ ಅಂತಲೇ ಹೆಸರು. ಸಿಮ್ಲಾದ ಚಳಿ ಮಾತ್ರ ಜೊತೆಗೆ ಬರಲಿಲ್ಲ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕೂ ಕೆಳಗಿಳಿದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಕಡಿಮೆಯಾದರೆ ಅದು ಶೀತಗಾಳಿ. ‘ಬಿಸಿ ರಾತ್ರಿ’ ಅನ್ನುವ ವರ್ಗವೂ ಇದೆ, ಆದರೆ ಹಗಲಿನ ಗರಿಷ್ಠ 40 ಮುಟ್ಟಿದ್ದರೆ ಮಾತ್ರ. ಡಿಸೆಂಬರಿನ ಸೆಕೆ ರಾತ್ರಿ ಈ ಎರಡರಲ್ಲೂ ಕೂರುವುದಿಲ್ಲ. ‘ವಾಡಿಕೆ ಮಳೆ’ ನಮ್ಮ ಪತ್ರಿಕೆಗಳಲ್ಲಿ ದಿನಾ ಕಾಣುತ್ತದೆ. ‘ವಾಡಿಕೆ ಚಳಿ’ಯನ್ನು ನಾನೆಲ್ಲೂ ಓದಿಲ್ಲ.

ಕಾರಣ ಗೊತ್ತಿರುವಂಥದ್ದೇ. ರಾತ್ರಿ ಆಕಾಶ ತಿಳಿಯಾಗಿದ್ದು ಉತ್ತರದ ಒಣಗಾಳಿ ಬೀಸಿದರೆ ನೆಲದ ಕಾವು ಮೇಲೆ ಹೋಗಿ ಚಳಿ ಹುಟ್ಟುತ್ತದೆ. ಮೋಡ ಕವಿದರೆ ಕಾವು ಇಲ್ಲೇ ಉಳಿಯುತ್ತದೆ. 2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿದ ಮೇಲೆ ಪುಣೆಯ ಚಳಿಯೂ ಕೆಲವು ದಿನ ಮಾಯವಾಗಿತ್ತು. ‘ಮಾಡ ಬಂತು, ಥಂಡಿ ಹೋತು’ ಅಂತ ನಮ್ಮ ಕಡೆ ಹೇಳುವುದು ಶಾಸ್ತ್ರಕ್ಕೆ ಸರಿಯಾಗೇ ಇದೆ.

ನಡುವೆ ಒಂದು ಉಪಪ್ರಶ್ನೆ. ವರ್ಷದ ಅತಿ ಚಿಕ್ಕ ಹಗಲಿನ ದಿನವನ್ನು ಏನೆಂದು ಬರೆಯುತ್ತೀರಿ? ‘ಅಯನ ಸಂಕ್ರಾಂತಿ’ ಅಂದರೆ ಓದುವವರು ಎಳ್ಳುಬೆಲ್ಲಕ್ಕೆ ಕೈ ಚಾಚುತ್ತಾರೆ. ‘ಉತ್ತರಾಯಣ’ ಅಂದರೆ ಪಂಚಾಂಗದವರು ಜನವರಿ 14, 15ಕ್ಕೆ ಕಾಯಿರಿ ಅನ್ನುತ್ತಾರೆ. ಸೂರ್ಯ ನಿಜವಾಗಿ ತಿರುಗುವ ದಿನದ ಲೆಕ್ಕ (ಸಾಯನ) ಮತ್ತು ಪಂಚಾಂಗದ ನಕ್ಷತ್ರದ ಲೆಕ್ಕ (ನಿರಯನ), ಇವೆರಡರ ಅಂತರ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಬೆಳೆದು ಈಗ ಮೂರು ವಾರ ದಾಟಿದೆ. ಸಂಕ್ರಾಂತಿಯಿಂದ ಹಗಲು ಎಳ್ಳೆಳ್ಳಷ್ಟೇ ಬೆಳೆಯುತ್ತದೆ ಅಂತ ಇಲ್ಲಿ ಮರಾಠಿ ಮನೆಗಳಲ್ಲಿ ಹೇಳುತ್ತಾರೆ. ಅಷ್ಟರೊಳಗೆ ಅದು ಕೆಲವು ನಿಮಿಷ ಬೆಳೆದೇ ಬಿಟ್ಟಿರುತ್ತದೆ. ಬೆಳಗಿನ ವಾಕಿಂಗಿನವರಿಗೆ ಮಾತ್ರ ಇದು ನಂಬಿಕೆ ಬರುವುದಿಲ್ಲ, ಯಾಕೆಂದರೆ ಪುಣೆಯಲ್ಲಿ ಸೂರ್ಯ ಅತಿ ತಡವಾಗಿ ಏಳುವುದು ಜನವರಿ ನಡುವಿನಲ್ಲಿ.

ಮೊದಲಿನ ಪ್ರಶ್ನೆಗೆ ಬರುತ್ತೇನೆ. ಗೆಳೆಯರೊಬ್ಬರು ‘ಚಳಿಬರ’ ಅಂತ ಹೊಸೆದು ಕೊಟ್ಟರು. ಬರ ಅಂದರೆ ಹಸಿವು, ಗುಳೆ. ಸ್ವೆಟರ್ ಹಾಕಲು ಸಿಗದವರ ಬೇಸರಕ್ಕೆ ಅಷ್ಟು ದೊಡ್ಡ ಮಾತು ಬೇಡ. ಇನ್ನೊಬ್ಬರ ಸಲಹೆ ‘ಮಾಗಿ ತಪ್ಪಿತು’. ಮಾಗಿ ಅನ್ನುವುದು ಮಾಘದಿಂದ ಬಂದು ಚಳಿಗಾಲಕ್ಕೇ ಹೆಸರಾದ ಪದ, ‘ಮಾಗಿ ಉಳುಮೆ’ಯಲ್ಲಿ ಹೊಲಕ್ಕೂ ಇಳಿದಿದೆ. ಇದು ನನಗೆ ಹಿಡಿಸಿತು, ಆದರೆ ಯಾರಾದರೂ ನಿಜವಾಗಿ ಆಡಿದ್ದನ್ನು ಕೇಳಿಲ್ಲ.

ಚಳಿಯನ್ನು ಬೇಡುವವರು ಯಾರೂ ಇಲ್ಲವೇ ಅಂದರೆ, ಇದ್ದಾರೆ. ಹಿಂಗಾರಿ ಬೆಳೆಯುವವರು. ಎರೆಹೊಲದ ಬಿಳಿಜೋಳ ಮಳೆ ನಿಂತ ಮೇಲೆ ನೆಲದ ಹಸಿ ಮತ್ತು ಚಳಿಯ ಮೇಲೆಯೇ ನಿಲ್ಲುತ್ತದೆ. ಎಳೆ ತೆನೆ ಸುಟ್ಟು ತಿನ್ನುವ ಸೀತನಿ, ಅಂದರೆ ಇಲ್ಲಿಯವರ ಹುರಡಾ, ಅದರದ್ದೇ. ಕಡಲೆ ಗಿಡದ ಎಲೆಯ ಮೇಲೆ ಚಳಿಯ ಬೆಳಗಿನಲ್ಲಿ ಹುಳಿ ಹನಿ ಕೂತಿರುತ್ತದೆ. ಬಿಳಿ ಬಟ್ಟೆಯನ್ನು ಸಾಲಿನ ಮೇಲೆ ಎಳೆದುಕೊಂಡು ಹೋಗಿ ಹಿಂಡಿ ಶೀಸೆಗೆ ತುಂಬಿಡುತ್ತಿದ್ದರು, ಹೊಟ್ಟೆನೋವಿಗೆ ಅಂತ. ಬರಿಗಾಲಲ್ಲಿ ಆ ಹೊಲ ಹೊಕ್ಕರೆ ಕಾಲಿನ ಗೀರುಗಳೆಲ್ಲ ಚುರುಚುರು ಅನ್ನುತ್ತವೆ. ಅಕಾಲ ಮಳೆ ಬಿದ್ದರೆ ‘ಹುಳಿ ತೊಳೆದು ಹೋಯ್ತು’ ಅನ್ನುತ್ತಾರೆ. ಮಳೆ ಇಲ್ಲದೆ ಬರೀ ಚಳಿ ಕಡಿಮೆಯಾದ ವರ್ಷಕ್ಕೂ ಇಂಥವರ ಬಾಯಲ್ಲಿ ಒಂದು ಮಾತು ಇರಲೇಬೇಕು.

ವಿಜಯಪುರ, ಬಾಗಲಕೋಟೆ, ಕಲಬುರಗಿ, ಗದಗ ಕಡೆಯವರು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಯಾವ ತಾಲೂಕು, ಯಾವ ಬೆಳೆ ಅನ್ನುವುದನ್ನೂ ಸೇರಿಸಿ, ವಾಕ್ಯವನ್ನು ಅವರು ಆಡಿದ ಹಾಗೆಯೇ ಇಡಿ, ದಯವಿಟ್ಟು ಗ್ರಾಂಥಿಕಕ್ಕೆ ತಿರುಗಿಸಬೇಡಿ. ನಿಘಂಟುಗಳಲ್ಲಿ ‘ಚಳಿ’, ‘ಕುಳಿರ್’, ‘ಮಾಗಿ’ ಮೂರನ್ನೂ ನೋಡಿಯಾಗಿದೆ, ಅವುಗಳ ಪುಟ ಕಳಿಸುವುದು ಬೇಡ.