ಕೆತ್ತಿದ ನರಿಗೆ ಬಣ್ಣ ಹಚ್ಚುವ ಮೊದಲು ಅರಗಿನ ಲೇಪ ಬೇಕೇ?

ಪ್ರಶ್ನೆ

ಸುರುಳಿ ಸುತ್ತಿಕೊಂಡು ಮಲಗಿದ, ಕಣ್ಣು ಅರ್ಧ ತೆರೆದಿರುವ ಗೇಣುದ್ದದ ನರಿಯೊಂದನ್ನು ತಿಳಿಬಣ್ಣದ ಮೆದು ಮರದಲ್ಲಿ ಕೆತ್ತಿ ಮುಗಿಸಿದ್ದೇನೆ. ಚಾಕು ಹೆರೆದ ಸಣ್ಣ ಚಪ್ಪಟೆ ಗುರುತುಗಳು ಮೈಮೇಲೆಲ್ಲ ಇವೆ. ಬಣ್ಣ ಹಚ್ಚಿದ ಮೇಲೂ ಅವು ಕಾಣಬೇಕೆಂಬುದು ನನ್ನ ಆಸೆ. ಅದೇ ಮರದ ತುಂಡೊಂದಕ್ಕೆ ನೀರು ಬೆರೆಸಿದ ಅಕ್ರಿಲಿಕ್ ಬಣ್ಣ ಹಚ್ಚಿ ನೋಡಿದಾಗ, ಉದ್ದ ಎಳೆಯ ಬದಿಯಲ್ಲಿ ಅದು ತಿಳಿಯಾಗಿ ನಿಂತಿತು, ಅಡ್ಡ ಕೊಯ್ದ ತುದಿಯಾದರೋ ಬಣ್ಣವನ್ನು ಹೀರಿಕೊಂಡು ಬಹಳ ಗಾಢವಾಯಿತು. ನರಿಯ ಕಿವಿ, ಮೂತಿ, ಬೆನ್ನಿನ ತಿರುವುಗಳಲ್ಲಿ ಇಂಥ ಅಡ್ಡ ಎಳೆಯೇ ಹೆಚ್ಚು. ಮೊದಲು ಅರಗಿನ ಲೇಪ ಕೊಡುವುದು ಸರಿಯೇ? ಕೊನೆಯ ಲೇಪಕ್ಕೆ ಅಗಸೆ ಎಣ್ಣೆ ಒಳ್ಳೆಯದೋ, ವಾರ್ನಿಶ್ ಒಳ್ಳೆಯದೋ?

ಉತ್ತರ 1

ಚಾಕುವಿನ ಗುರುತು ಉಳಿಯಬೇಕೆಂದರೆ ಮರಳುಕಾಗದವನ್ನು ಮುಟ್ಟಲೇಬೇಡಿ. ಹರಿತವಾದ ಅಲಗು ಎಳೆಯನ್ನು ಕಡಿದು ತುಸು ಹೊಳಪಿನ ಮೈಯನ್ನು ಬಿಟ್ಟುಹೋಗುತ್ತದೆ. ಮರಳುಕಾಗದ ಅದನ್ನು ಗೀಚಿ ಮಸುಕಾಗಿಸುವುದಲ್ಲದೆ ಗುರುತುಗಳ ನಡುವಿನ ಏಣುಗಳನ್ನೂ ಸವೆಸುತ್ತದೆ. ಒರಟು ಜಾಗ ಕಂಡರೆ ಚಾಕುವನ್ನು ಮಸೆದುಕೊಂಡು ತೆಳುವಾಗಿ ಇನ್ನೊಮ್ಮೆ ಹೆರೆಯುವುದೇ ಲೇಸು. ಕೆತ್ತುವಾಗ ಅಂಟಿದ ಕೈಜಿಡ್ಡು ಮತ್ತು ಪೆನ್ಸಿಲ್ ಮಸಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪು ನೀರಿನಿಂದ ಬೇಗನೆ ತೊಳೆದು ಒಂದು ರಾತ್ರಿ ಒಣಗಲು ಬಿಡಿ. ಜಿಡ್ಡು ಉಳಿದ ಕಡೆ ತೆಳುಬಣ್ಣ ಹಿಡಿಯುವುದಿಲ್ಲ.

ಇನ್ನು ಅರಗು. ಮೈತುಂಬ ದಪ್ಪವಾಗಿ ಬಳಿದರೆ ನೀರುಬಣ್ಣ ಮರದೊಳಕ್ಕೆ ಇಳಿಯಲಾರದೆ ಮೇಲೆಯೇ ಹನಿಗಟ್ಟುತ್ತದೆ. ಸ್ಪಿರಿಟ್ಟಿನಲ್ಲಿ ಚೆನ್ನಾಗಿ ತೆಳುವಾಗಿಸಿದ ಅರಗನ್ನು ಅಡ್ಡ ಎಳೆ ಇರುವ ಕಡೆ ಮಾತ್ರ ಒಂದು ಸಲ ಸವರಿದರೆ ಸಾಕು. ನನಗೆ ಇದಕ್ಕಿಂತಲೂ ಹಿಡಿಸುವುದು ಬರಿಯ ನೀರು: ಬಣ್ಣಕ್ಕೆ ಮುಂಚೆ ಕಿವಿ ಮತ್ತು ಮೂತಿಯನ್ನು ಒದ್ದೆ ಕುಂಚದಿಂದ ನೆನೆಸಿದರೆ, ರಂಧ್ರಗಳಲ್ಲಿ ಆಗಲೇ ನೀರು ತುಂಬಿರುವುದರಿಂದ ಬಣ್ಣ ಕಡಿಮೆ ಇಳಿಯುತ್ತದೆ. ಎರಡನ್ನೂ ಆ ತುಂಡಿನ ಮೇಲೆಯೇ ಪರೀಕ್ಷಿಸಿ ನೋಡಿ.

ಕಾಗದದ ಮೇಲೆ ಹಚ್ಚಿದರೆ ಕೆಳಗಿನ ಪೆನ್ಸಿಲ್ ಗೆರೆ ಕಾಣುವಷ್ಟು ಬಣ್ಣ ತೆಳುವಾಗಿರಲಿ. ಗಾಢತೆ ಬೇಕಾದಲ್ಲಿ ಒಣಗಿದ ಮೇಲೆ ಮತ್ತೊಂದು ಪದರ ಕೊಡಬಹುದು. ಕೆಂಪು ನರಿಯಾದರೆ ಬೆನ್ನು ಕಿತ್ತಳೆಗಂದು, ಗಂಟಲು ಮತ್ತು ಬಾಲದ ತುದಿ ಬಿಳಿ, ಕಿವಿಯ ಹಿಂಬದಿ ಮತ್ತು ಪಾದಗಳು ಕಪ್ಪು. ಬಿಳಿ ಮತ್ತು ಕಿತ್ತಳೆ ಕೂಡುವ ಕೆನ್ನೆಯಲ್ಲಿ ಎರಡೂ ಹಸಿಯಾಗಿರುವಾಗಲೇ ಗಡಿಯನ್ನು ಸ್ವಚ್ಛ ಒದ್ದೆ ಕುಂಚದಿಂದ ಎಳೆದರೆ, ಕತ್ತರಿಸಿಟ್ಟಂಥ ಗೆರೆ ಉಳಿಯದು. ಕುಂಚವನ್ನು ಯಾವಾಗಲೂ ರೋಮ ಮಲಗುವ ದಿಕ್ಕಿನಲ್ಲಿ, ಮೂಗಿನಿಂದ ಹಿಂದಕ್ಕೆ ಸಾಗಿಸಿ.

ಉತ್ತರ 2

ಮೇಲಿನ ಮಾತಿಗೆ ಒಂದೇ ತಿದ್ದುಪಡಿ. ಮರ ಪೈನ್ ಜಾತಿಯದಾಗಿದ್ದು ಗಂಟುಗಳಿದ್ದರೆ, ಅಲ್ಲಿ ನೀರಿನ ಉಪಾಯ ನಡೆಯದು. ಗಂಟಿನ ರಾಳ ಕಾಲಕ್ರಮದಲ್ಲಿ ಬಣ್ಣವನ್ನು ದಾಟಿ ಹಳದಿ ಕಲೆಯಾಗಿ ಮೇಲೆ ಬರುತ್ತದೆ. ಅದನ್ನು ತಡೆಯುವುದು ಅರಗೇ, ಅದರಲ್ಲೂ ಮೇಣ ತೆಗೆದ ಅರಗು.

ಉತ್ತರ 3

ಅಗಸೆ ಎಣ್ಣೆ ವರ್ಷಗಳು ಕಳೆದಂತೆ ಹಳದಿಯಾಗುತ್ತದೆ. ಕಂದು ಬೆನ್ನಿಗೆ ಇದರಿಂದ ಬಾಧಕವಿಲ್ಲ, ಬಿಳಿ ಗಂಟಲು ಮಾತ್ರ ಕೆಡುತ್ತದೆ. ಹಸಿ ಎಣ್ಣೆ ಒಣಗಲು ವಾರಗಳೇ ಹಿಡಿಯುತ್ತವೆ. ‘ಬಾಯ್ಲ್ಡ್’ ಎಂದು ಮಾರುವುದರಲ್ಲಿ ಒಣಗಿಸುವ ಲೋಹದ ಲವಣಗಳಿರುವುದರಿಂದ ಬೇಗ ಒಣಗುತ್ತದೆ. ಯಾವುದನ್ನೇ ಬಳಸಿದರೂ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸಿಕ್ಕಿಕೊಂಡರೆ, ಕಿಡಿಯಿಲ್ಲದೆಯೇ ಬೆಂಕಿ ಹತ್ತಬಹುದು. ಆದ್ದರಿಂದ ಅದನ್ನು ಬಯಲಿನಲ್ಲಿ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ನಿಮ್ಮ ನರಿಗೆ ನೀರು ಆಧಾರಿತ ಮ್ಯಾಟ್ ವಾರ್ನಿಶ್ಶೇ ತಕ್ಕದ್ದು. ಹೊಳೆಯುವ ವಾರ್ನಿಶ್ ಎಲ್ಲೆಡೆಯೂ ಬೆಳಕು ಚಿಮ್ಮಿಸಿ, ನೀವು ಉಳಿಸಬೇಕೆಂದಿರುವ ಚಾಕುವಿನ ಗುರುತುಗಳನ್ನೇ ಮರೆಮಾಡುತ್ತದೆ. ಹೊಳಪು ತಗ್ಗಿಸುವ ಪುಡಿ ಡಬ್ಬಿಯ ತಳದಲ್ಲಿ ಕೂರುವುದರಿಂದ ಚೆನ್ನಾಗಿ ಕಲಕಿ. ಅಲುಗಾಡಿಸಿದರೆ ಗುಳ್ಳೆ ಏಳುತ್ತದೆ. ತೆಳುವಾದ ಎರಡು ಪದರ ಸಾಕು, ಹೆಚ್ಚಾದರೆ ಗಾಢ ಬಣ್ಣಗಳ ಮೇಲೆ ಬಿಳಿ ಮಬ್ಬು ಕವಿಯುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಧನ್ಯವಾದಗಳು. ಮರದಲ್ಲಿ ಗಂಟಿಲ್ಲ, ಆದ್ದರಿಂದ ನೀರಿನ ಉಪಾಯವನ್ನೇ ಮೊದಲು ನೋಡುತ್ತೇನೆ. ಅರ್ಧ ತೆರೆದ ಕಣ್ಣಿನಲ್ಲಿ ಬೆಳಕಿನ ಬಿಳಿ ಚುಕ್ಕೆ ಇಡಬೇಕೇ?

ಉತ್ತರ 3ರವರಿಂದ

ಬೇಡ. ಕಣ್ಣಿಗೆ ಹಳದಿಗಂದು ಬಣ್ಣ, ನಡುವೆ ಬೆಕ್ಕಿನದರಂತೆ ನೆಟ್ಟಗಿನ ಸೀಳು ಪಾಪೆ ಬರೆದು, ಮ್ಯಾಟ್ ಲೇಪ ಪೂರ್ತಿ ಒಣಗಿದ ಮೇಲೆ ಕಡ್ಡಿಯ ತುದಿಯಿಂದ ಹೊಳೆಯುವ ವಾರ್ನಿಶ್ಶಿನ ಒಂದು ಹನಿ ಇಡಿ. ಮೂಗಿಗೂ ಅಷ್ಟೇ ಸಾಕು. ಬರೆದ ಚುಕ್ಕೆ ಒಂದೇ ಕಡೆ ನಿಂತಿರುತ್ತದೆ. ಹನಿಯ ಹೊಳಪಾದರೆ ಗೊಂಬೆಯನ್ನು ಕಿಟಕಿಯ ಯಾವ ಬದಿಗಿಟ್ಟರೂ ಅದಕ್ಕೆ ತಕ್ಕಂತೆ ಸರಿಯುತ್ತದೆ.