5 ಅಡಿ ಕಟ್ಟೆಯಲ್ಲಿ ಯಾರಿಗೆ ಸೀಟು?

ನಮ್ಮ ಟೀಚರು ರಿಟೈರ್ ಆದ ಮೇಲೆ ಬದಿಯಡ್ಕದ ಹತ್ತಿರದ ದೊಡ್ಡ ಮನೆಯನ್ನು ಮಗನಿಗೆ ಬಿಟ್ಟು ಕಾಸರಗೋಡು ಪೇಟೆಯ ಫ್ಲ್ಯಾಟಿಗೆ ಬಂದಿದ್ದಾರೆ. ಅಡಿಗೆಮನೆಯ ಕಟ್ಟೆ ಇರುವುದೇ 5 ಅಡಿ. ಅದರಲ್ಲಿ ಸಿಂಕು ಒಂದೂವರೆ ಅಡಿ ನುಂಗಿದೆ. ಉಳಿದದ್ದರಲ್ಲಿ ಏನೇನು ಇಡಬಹುದು ಎಂದು ಅವರು ಕೇಳಿದ್ದೇ ತಡ, ನಾವೆಲ್ಲ ಸಲಹೆ ಕೊಡಲು ಹೊರಟೆವು. ಒಳಗೆ ಇಬ್ಬರು ನಿಂತರೆ ಫ್ರಿಜ್ಜಿನ ಬಾಗಿಲು ತೆಗೆಯಲಿಕ್ಕಾಗುವುದಿಲ್ಲ. ಹಾಗಾಗಿ ಹರಟೆ ಹೊರಗೆ ಹಾಲ್‌ನಲ್ಲಿ.

“ಏರ್ ಫ್ರೈಯರ್ ತೆಗೊಳ್ಳಿ ಟೀಚರೇ, ಎಣ್ಣೆಯ ರಗಳೆಯೇ ಇಲ್ಲ” ಎಂದು ಕುಂಬಳೆಯ ಅಕ್ಕ ಶುರು ಮಾಡಿದರು.

“ಗೋಳಿಬಜೆ ಆಗ್ತದಾ?”

ಅಕ್ಕ ಸ್ವಲ್ಪ ಹೊತ್ತು ಮೇಲಿನ ಫ್ಯಾನ್ ನೋಡಿದರು. ಆಗುವುದಿಲ್ಲ. ಆ ಡಬ್ಬಿಯೊಳಗೆ ಇರುವುದು ಒಂದು ಕಾಯಿಲ್, ಒಂದು ಫ್ಯಾನ್. ಬಿಸಿ ಗಾಳಿ ಸುತ್ತುತ್ತದೆ, ಅಷ್ಟೇ. ನೀರಾದ ಹಿಟ್ಟು ಬುಟ್ಟಿಯ ತೂತಿನಿಂದ ಕೆಳಗೆ ಇಳಿಯುತ್ತದೆ. ಹಲಸಿನ ಹಪ್ಪಳ ಇಟ್ಟರೆ ಅದು ಒಳಗೇ ಹಾರಾಡುತ್ತದೆ. ಗೆಣಸು, ಆಲೂಗಡ್ಡೆ, ಚಿಕನ್ ಮಾಡುವವರಿಗೆ ಒಳ್ಳೆಯದೇ. ಆದರೆ ಬಿಸಿ ಗಾಳಿ ಹೊರಗೆ ಹೋಗಲು ಹಿಂದೆ ನಾಲ್ಕು ಇಂಚು ಜಾಗ ಬಿಡಬೇಕಲ್ಲ, ಆ ಖಾಲಿ ಜಾಗಕ್ಕೂ ಟೀಚರೇ ಬಾಡಿಗೆ ಕೊಡಬೇಕು.

“ನಿಮ್ಮದು ಹೇಗೆ ನಡೀತಾ ಉಂಟು?” ಎಂದು ನಾನು ಸುಮ್ನೆ ಕೇಳಿದೆ.

“ಅಟ್ಟದಲ್ಲಿ ಉಂಟು. ಬೇಕಿದ್ದರೆ ಟೀಚರಿಗೆ ಅರ್ಧ ರೇಟಿಗೆ ಕೊಡ್ತೇನೆ.”

ಇಲ್ಲೇ ನನಗೆ ಗುಟ್ಟು ಗೊತ್ತಾದದ್ದು. ಪ್ರತಿಯೊಬ್ಬರೂ ತಮ್ಮ ಮನೆಯಿಂದ ಹೊರಗೆ ಹಾಕಬೇಕೆಂದಿರುವ ಸಾಮಾನನ್ನೇ ಹೊಗಳುತ್ತಿದ್ದರು. ಓಣಂ ಆಫರಿನಲ್ಲಿ ಎಲೆಕ್ಟ್ರಿಕ್ ರೈಸ್ ಕುಕ್ಕರ್ ತಂದಿದ್ದ ಮುಳ್ಳೇರಿಯಾದ ಗೆಳೆಯ ಅದರ ಗುಣಗಾನ ಶುರು ಮಾಡಿದ. ತಾನಾಗಿಯೇ ಆಫ್ ಆಗುತ್ತದಂತೆ. ಹೌದು, ಅದು ಚಂದದ ಉಪಾಯ. ಪಾತ್ರೆಯಲ್ಲಿ ನೀರಿರುವ ತನಕ ತಳದ ಬಿಸಿ 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ನೀರು ಮುಗಿದ ಕೂಡಲೇ ಬಿಸಿ ಏರುತ್ತದೆ, ಕೆಳಗಿನ ಮ್ಯಾಗ್ನೆಟಿನ ಹಿಡಿತ ಬಿಡುತ್ತದೆ, ಸ್ಪ್ರಿಂಗ್ ಸ್ವಿಚ್ಚನ್ನು ಟಕ್ ಎಂದು ಆಫ್ ಮಾಡುತ್ತದೆ.

“ಅದು ಬೆಳ್ತಿಗೆ ಅಕ್ಕಿಗೆ ಆಯ್ತು, ಕುಚ್ಚಲಕ್ಕಿಗೆ?” ಎಂದರು ಅಡಿಗೆ ಭಟ್ಟರು. ಅವರು ಸಾವಿರ ಜನಕ್ಕೆ ಬಡಿಸಿದವರು, 5 ಅಡಿ ಕಟ್ಟೆಯ ವಿಷಯ ಬಂದಾಗಿನಿಂದ ದುಃಖದಲ್ಲಿದ್ದರು. “ಕುಚ್ಚಲಕ್ಕಿ ಬೇಯುವುದು ತುಂಬಾ ನೀರಿನಲ್ಲಿ. ಕೊನೆಗೆ ತಿಳಿ ಬಸಿಯಬೇಕು. ನೀರೇ ಮುಗಿಯದಿದ್ದರೆ ನಿನ್ನ ಸ್ವಿಚ್ಚು ಎಂತಕ್ಕೆ ಆಫ್ ಆಗ್ತದೆ ಮಾರಾಯ? ಉಕ್ಕಿ ಕಟ್ಟೆ ತುಂಬಾ ಗಂಜಿ.”

ಗೆಳೆಯ ಸುಮ್ಮನಾದ. ಅವನ ಮನೆಯ ಕಟ್ಟೆಯ ಸ್ಥಿತಿ ಎಲ್ಲರಿಗೂ ಅರ್ಥವಾಯಿತು.

ಕುಚ್ಚಲಕ್ಕಿಗೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವುದು ಥರ್ಮಲ್ ಕುಕ್ಕರ್. ಅನ್ನವನ್ನು ಸ್ವಲ್ಪ ಹೊತ್ತು ಚೆನ್ನಾಗಿ ಕುದಿಸಿ, ಪಾತ್ರೆ ಸಮೇತ ಆ ಪೆಟ್ಟಿಗೆಯೊಳಗೆ ಇಳಿಸಿ ಮುಚ್ಚಿದರೆ, ಗ್ಯಾಸೂ ಬೇಡ ಕರೆಂಟೂ ಬೇಡ, ತನ್ನ ಬಿಸಿಯಲ್ಲೇ ಬೇಯುತ್ತದೆ. ಆದರೆ ಅದರ ಸುತ್ತಳತೆ ನೋಡಿದ್ದೀರಲ್ಲ? ಕಟ್ಟೆಯ ಮೇಲೆ ಇಟ್ಟರೆ ಟೀಚರು ತರಕಾರಿಯನ್ನು ತೊಡೆಯ ಮೇಲೆ ಹೆಚ್ಚಬೇಕು.

“ಇಂಡಕ್ಷನ್ ಇಡಿ, ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿಸಿ ಇಡಬಹುದು” ಎಂದೆ ನಾನು. ಹೇಳಿಬಿಡುತ್ತೇನೆ, ನನ್ನದು ಮಾರಾಟಕ್ಕಿಲ್ಲ. ಎಲ್ಲರೂ ಒಪ್ಪುವುದರಲ್ಲಿದ್ದರು, ಅಷ್ಟರಲ್ಲಿ ವಯರಿಂಗ್ ಅಣ್ಣ ಬಾಯಿಗೆ ಹಾಕಿದ ಎಲೆ ಅಡಿಕೆ ಉಗಿದು ಬಂದರು. ಅವರು ಅಡಿಗೆಮನೆಗೆ ಹೋಗಿ ನೋಡಿದ್ದು ಪ್ಲಗ್ ಮಾತ್ರ.

“ಕಟ್ಟೆಯ ಮೇಲಿರುವ ಎರಡೂ 6 ಆಂಪಿನದು. 230 ವೋಲ್ಟಿಗೆ ಲೆಕ್ಕ ಹಾಕಿದರೆ 1380 ವ್ಯಾಟ್. 2000 ವ್ಯಾಟಿನ ಇಂಡಕ್ಷನ್ ಇದಕ್ಕೆ ಹಾಕಿದರೆ ಅನ್ನಕ್ಕಿಂತ ಮೊದಲು ವಯರು ಬೇಯ್ತದೆ. 16 ಆಂಪಿನ ದಪ್ಪ ಪಿನ್ನಿನದು ಫ್ರಿಜ್ಜಿನ ಹಿಂದೆ ಒಂದೇ ಒಂದು ಉಂಟು. ಕಟ್ಟೆಗೆ ಇನ್ನೊಂದು ಎಳೀಬೇಕು.”

ಜಾಗ ಜಾಗ ಎಂದು ಬಡಿದುಕೊಂಡ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಆಮೇಲೆ ಪಾತ್ರೆಯ ಪರೀಕ್ಷೆ, ಇಂಡಕ್ಷನ್ನಿಗೆ ಮ್ಯಾಗ್ನೆಟ್ ಅಂಟುವ ತಳವೇ ಬೇಕಲ್ಲ. ಟೀಚರು ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ಕಿತ್ತು ಒಂದೊಂದರ ತಳಕ್ಕೆ ಅಂಟಿಸಿ ನೋಡಿದರು, ಹಿಂದೆ ಕಾಪಿ ತಿದ್ದುತ್ತಿದ್ದ ಅದೇ ಗಾಂಭೀರ್ಯದಲ್ಲಿ. ಅಲ್ಯೂಮಿನಿಯಂ ಕುಕ್ಕರ್ ಫೇಲ್. ತಾಮ್ರದ ತಪಲೆ ಫೇಲ್. ಮೀನು ಸಾರಿನ ಮಣ್ಣಿನ ಚಟ್ಟಿ ನೆರೆಮನೆಯವರದ್ದು, ಆದರೂ ಫೇಲ್. ಕಬ್ಬಿಣದ ದೋಸೆ ಕಾವಲಿ ಪಾಸ್. ಎಲ್ಲರೂ ಚಪ್ಪಾಳೆ ಹೊಡೆದೆವು. ಭಟ್ಟರೊಬ್ಬರೇ ಹೊಡೆಯಲಿಲ್ಲ.

“ಕಾವಲಿ ಅಷ್ಟಗಲ, ಒಲೆಯೊಳಗಿನ ಸುರುಳಿ ಇಷ್ಟಗಲ. ನಡು ಕೆಂಪಾಗ್ತದೆ, ಅಂಚು ಹಸಿ. ನೀರುದೋಸೆ ಮಾಡಿ ನೋಡಿ, ಆಮೇಲೆ ನನಗೆ ಫೋನ್ ಮಾಡಿ.”

ಅದೂ ನಿಜವೇ. ಹಾಗಾದರೆ ಸಣ್ಣ ಕಾವಲಿ, ಸಣ್ಣ ದೋಸೆ. ಎರಡು ತಿನ್ನುವಲ್ಲಿ ನಾಲ್ಕು ತಿಂದರಾಯಿತು.

ಗ್ರೈಂಡರಿಗೆ ಸೀಟು ಕೊಡಲು ಯಾರೂ ಒಪ್ಪಲಿಲ್ಲ. ನೀರುದೋಸೆಯ ಅಕ್ಕಿಗೂ ಸಾಂಬಾರಿನ ತೆಂಗಿನಕಾಯಿಗೂ ಮಿಕ್ಸಿ ಸಾಕು. ಇಡ್ಲಿ ಸ್ವಲ್ಪ ಗಟ್ಟಿಯಾದೀತು, ಬೇಜಾರಾದರೆ ಹೋಟೆಲುಗಳು ಕೆಳಗೇ ಇವೆ. ಓವನ್ ಬೇಡ. ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸುವ ಪುಟ್ಟು ತಿಂಡಿಗೆ ಬೇರೆ ಪಾತ್ರೆ ಬೇಡ, ಕುಕ್ಕರಿನ ಮೂತಿಯ ಮೇಲೆಯೇ ಕೂರುವ, ತೆಂಗಿನ ಚಿಪ್ಪಿನ ಆಕಾರದ ಸಣ್ಣ ಚಿರಟ್ಟೆ ಪುಟ್ಟಿನ ಬಟ್ಟಲು ಪೇಟೆಯಲ್ಲೇ ಸಿಗುತ್ತದೆ, ಅಂಗೈಯಷ್ಟು ಜಾಗ. ಮಳೆಗಾಲದಲ್ಲಿ ಮರದ ಗೆಲ್ಲು ಲೈನಿನ ಮೇಲೆ ಬಿದ್ದು ಕರೆಂಟ್ ಹೋಗುತ್ತದಲ್ಲ, ಆಗಿನ ಗತಿಗೆ ಒಂದು ಬರ್ನರಿನ ಗ್ಯಾಸ್ ಒಲೆ, 5 ಕಿಲೋದ ಸಣ್ಣ ಸಿಲಿಂಡರ್. ಅಂತೂ ಇಂಡಕ್ಷನ್, ಅದಕ್ಕೆ ಒಗ್ಗುವ ಒಂದು ಸ್ಟೀಲ್ ಕುಕ್ಕರ್, ಮಿಕ್ಸಿ, ಇಷ್ಟಕ್ಕೆ ಸೀಟು ಖಾಯಂ ಆಯಿತು. ಥರ್ಮಲ್ ಕುಕ್ಕರ್ ಹಾಲಿನಲ್ಲಿ, ಸೋಫಾದ ಪಕ್ಕ, ಮೇಲೊಂದು ಬಟ್ಟೆ ಹೊದೆಸಿ. ನೆಂಟರು ಟೀಪಾಯಿ ಎಂದುಕೊಂಡರೆ ಎಂದುಕೊಳ್ಳಲಿ.

ಎಲ್ಲ ಮುಗಿಯಿತು ಎಂದು ಏಳುವಾಗ ಟೀಚರು ಮೆಲ್ಲ ಕೇಳಿದರು, “ಶ್ಯಾವಿಗೆ ಒರಳು?”

ಮೂರು ಕಾಲಿನ ಆ ಕಬ್ಬಿಣದ್ದು ಯಾವ ಕಪಾಟಿಗೂ ಹೋಗುವುದಿಲ್ಲ, ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ ಇಳಿಸುವಂಥದ್ದು. ಆದರೆ ಒತ್ತು ಶ್ಯಾವಿಗೆ, ಜೊತೆಗೆ ಕಾಯಿಹಾಲು ಎಂದು ನೆನಪಾದಾಗ ಅಲ್ಲಿದ್ದ ಒಬ್ಬರಿಗೂ ಅದನ್ನು ಬಿಡಿ ಎನ್ನಲು ಬಾಯಿ ಬರಲಿಲ್ಲ. ಕುಂಬಳೆಯ ಅಕ್ಕ ಮಾತ್ರ ಈಗ ಎಲೆಕ್ಟ್ರಿಕ್ ಶ್ಯಾವಿಗೆ ಮೆಷಿನ್ ಬರುತ್ತದೆ ಎಂದು ಶುರು ಮಾಡಿದರು, ಭಟ್ಟರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

“ಅದು ಬೆಡ್‌ರೂಮಿನಲ್ಲಿರಲಿ. ಜಾಗ ಸಾಲದಿದ್ದರೆ ಮಂಚ ಹೊರಗೆ ಹಾಕಿ” ಎಂದರು ಭಟ್ಟರು.